ಬೆಂಗಳೂರಿನಲ್ಲಿ ಸೂರಿಲ್ಲದ ಯುವಜನರಿಗೆ ತಿಂಗಳ ಖಚಿತ ಆದಾಯ: ನಡೆಸುವ ಬಗೆ

ಮೆಜೆಸ್ಟಿಕ್, ಕಲಾಸಿಪಾಳ್ಯ, ಕೆ.ಆರ್. ಮಾರ್ಕೆಟ್, ಯಶವಂತಪುರದ ಸುತ್ತಮುತ್ತ ರಾತ್ರಿ ಮಲಗುವ ಹುಡುಗರಲ್ಲಿ ಅನೇಕರು ಹಗಲು ದುಡಿಯುತ್ತಾರೆ. ಛತ್ರದಲ್ಲಿ ಕ್ಯಾಟರಿಂಗ್, ಮಾರ್ಕೆಟ್ಟಿನಲ್ಲಿ ಮೂಟೆ, ಹೋಟೆಲಿನಲ್ಲಿ ಪಾತ್ರೆ, ಗುಜರಿ ಆಯುವುದು, ಏನೋ ಒಂದು ಇರುತ್ತದೆ. ಆದರೂ ಅವರಿಗೆ ಕೋಣೆ ಸಿಗುವುದಿಲ್ಲ. ಕೂಲಿ ದಿನಕ್ಕಿಷ್ಟು ಎಂದು ಬರುತ್ತದೆ, ಬಾಡಿಗೆ ತಿಂಗಳಿಗಿಷ್ಟು ಎಂದು ಕೊಡಬೇಕು, ಅಡ್ವಾನ್ಸನ್ನಂತೂ ಒಂದೇ ಏಟಿಗೆ ಎಣಿಸಬೇಕು. ಫುಟ್‌ಪಾತಿನಲ್ಲಿ ಮಲಗುವವನು ಇಪ್ಪತ್ತು ಸಾವಿರ ಕೂಡಿಡುವುದು ಎಲ್ಲಿ? ಜೇಬಿನಲ್ಲಿಟ್ಟರೆ ಬೆಳಗಾಗುವುದರೊಳಗೆ ಕತ್ತರಿ ಬೀಳುತ್ತದೆ. ಆಷಾಢ ಬಂತೆಂದರೆ ಮದುವೆಗಳು ನಿಲ್ಲುತ್ತವೆ, ಕ್ಯಾಟರಿಂಗ್ ಮೇಸ್ತ್ರಿ ಫೋನ್ ಎತ್ತುವುದಿಲ್ಲ, ಅಷ್ಟಿಷ್ಟು ಉಳಿದದ್ದೂ ಕರಗುತ್ತದೆ.

ತಿಂಗಳ ಖಚಿತ ಆದಾಯ ಈ ಕಂದಕವನ್ನು ಮುಚ್ಚುವ ಕೆಲಸ. ಗೊತ್ತಾದ ದಿನ, ಗೊತ್ತಾದ ಮೊತ್ತ, ಷರತ್ತಿಲ್ಲದೆ, ಮೊದಲೇ ಹೇಳಿದ ಅವಧಿಯವರೆಗೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಖಚಿತ ಆದಾಯವಾಗಿ ಉಳಿಯುವುದಿಲ್ಲ, ಹಳೆಯ ಥರದ ಸಹಾಯಧನವಾಗುತ್ತದೆ. ಇಲ್ಲಿ ಬರೆದಿರುವುದು ಸಣ್ಣ ಟ್ರಸ್ಟ್, ಸಂಘ, ಆಶ್ರಯ ಕೇಂದ್ರ ನಡೆಸುವವರು, ಸಿಎಸ್ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ನೋಡಿಕೊಳ್ಳುವವರಿಗಾಗಿ: 20 ಜನ, 18 ತಿಂಗಳು ಎಂಬ ಲೆಕ್ಕ ಹಿಡಿದು.

ಬೇರೆಡೆ ನಡೆದದ್ದರಿಂದ ಏನನ್ನು ತೆಗೆದುಕೊಳ್ಳಬೇಕು

ಕೆನಡಾದ ವ್ಯಾಂಕೂವರ್‌ನಲ್ಲಿ ಮನೆಯಿಲ್ಲದ 50 ಜನರಿಗೆ ಒಂದೇ ಸಲ 7,500 ಕೆನಡಾ ಡಾಲರ್ ಕೊಟ್ಟು ಒಂದು ವರ್ಷ ಗಮನಿಸಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹಣ ಪಡೆದವರು ಪಡೆಯದವರಿಗಿಂತ ವರ್ಷದಲ್ಲಿ ಸರಾಸರಿ 99 ದಿನ ಕಡಿಮೆ ಮನೆಯಿಲ್ಲದೆ ಕಳೆದರು, ಕುಡಿತ ಮಾದಕವಸ್ತುಗಳ ಖರ್ಚು ಹೆಚ್ಚಲಿಲ್ಲ. ಇದನ್ನು ದಾನಿಗಳ ಮುಂದೆ ಹೇಳುವಾಗ ಒಂದು ಮಾತನ್ನು ಬಿಡಬೇಡಿ: ತೀವ್ರ ವ್ಯಸನ, ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಅಲ್ಲಿ ಆಯ್ಕೆಯ ಹಂತದಲ್ಲೇ ಹೊರಗಿಟ್ಟಿದ್ದರು. ಮೆಜೆಸ್ಟಿಕ್‌ನಲ್ಲಿ ಯಾರನ್ನೂ ಹೊರಗಿಡದೆ ನಡೆಸಿ, ವ್ಯಾಂಕೂವರ್‌ನ ಅಂಕಿಯನ್ನೇ ನಿರೀಕ್ಷಿಸಿದರೆ ಆರನೇ ತಿಂಗಳಿಗೆ ದಾನಿ ಮುನಿಸಿಕೊಳ್ಳುತ್ತಾರೆ.

ವೇಲ್ಸ್ ಸರ್ಕಾರ 2022ರ ಜುಲೈನಲ್ಲಿ ಶುರುಮಾಡಿದ್ದು ನಮಗೆ ಇನ್ನೂ ಹತ್ತಿರ. ಸರ್ಕಾರದ ಪೋಷಣೆಯಲ್ಲಿ ಬೆಳೆದು 18 ತುಂಬಿದ ಯುವಕ ಯುವತಿಯರಿಗೆ 24 ತಿಂಗಳು, ತಿಂಗಳಿಗೆ ತೆರಿಗೆಗೆ ಮುಂಚೆ 1,600 ಪೌಂಡ್. ತಿಂಗಳಿಗೊಮ್ಮೆ ಬೇಕೋ ಎರಡು ಕಂತಿನಲ್ಲಿ ಬೇಕೋ, ಬಾಡಿಗೆಯನ್ನು ನೇರ ಮನೆ ಮಾಲೀಕರಿಗೇ ಕಳಿಸಬೇಕೋ ಎಂಬುದನ್ನು ಪಡೆಯುವವರೇ ಆರಿಸಬಹುದಿತ್ತು. ಈ ಆಯ್ಕೆಯನ್ನು ಹಾಗೆಯೇ ಎತ್ತಿಕೊಳ್ಳಿ. ನ್ಯೂಯಾರ್ಕ್‌ನಲ್ಲಿ 18ರಿಂದ 24 ವಯಸ್ಸಿನ, ಮನೆಯಿಲ್ಲದವರಿಗೆ ತಿಂಗಳಿಗೆ 1,250 ಡಾಲರ್ ಜೊತೆಗೆ ಒಮ್ಮೆ ಮಾತ್ರ 3,000 ಡಾಲರ್ ಇಡುಗಂಟು ಕೊಡುವ ಪದ್ಧತಿ ಇಟ್ಟರು. ಬೆಂಗಳೂರಿನ ಅಡ್ವಾನ್ಸ್ ಪದ್ಧತಿಗೆ ಈ ಇಡುಗಂಟು ಹೇಳಿ ಮಾಡಿಸಿದಂತಿದೆ.

ನಮ್ಮ ದೇಶದಲ್ಲೇ, ಮಧ್ಯಪ್ರದೇಶದ ಹಳ್ಳಿಗಳಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆಯಾದ ‘ಸೇವಾ’ ಯುನಿಸೆಫ್ ನೆರವಿನಿಂದ 2011ರ ಹೊತ್ತಿಗೆ ಇಂಥದ್ದೇ ಪ್ರಯೋಗ ಮಾಡಿತ್ತು. ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100, ಆಮೇಲೆ 300 ಮತ್ತು 150. ಶುರುವಿನಲ್ಲಿ ನಗದು ಹಂಚಿ, ನಂತರ ಖಾತೆಗೆ ತಿರುಗಿಸಿದರು. ಖಾತೆ ಆಗಲಿ ಆಮೇಲೆ ಕೊಡೋಣ ಎಂದು ಕಾಯಲಿಲ್ಲ.

ಯಾರಿಗೆ

ವಯಸ್ಸು 18ರಿಂದ 24. ಹದಿನೆಂಟಕ್ಕೆ ಒಂದು ದಿನ ಕಡಿಮೆಯಿದ್ದರೂ ಅದು ಬೇರೆ ದಾರಿ: ಮಕ್ಕಳ ಸಹಾಯವಾಣಿ 1098ಕ್ಕೆ ಕರೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಿ. ನೋಡಲು ಹದಿನಾರರವನಂತಿದ್ದು ಹತ್ತೊಂಬತ್ತು ಎನ್ನುವವನು ಬಂದರೆ ಶಾಲೆಯ ಟಿಸಿ ಅಥವಾ ಜನನ ಪ್ರಮಾಣಪತ್ರ ತರಿಸಲು ನೋಡಿ. ಅನುಮಾನ ಉಳಿದರೆ ಸಮಿತಿಗೆ ಬಿಡಿ, ನೀವೇ ತೀರ್ಪು ಕೊಡಬೇಡಿ.

ಹುಡುಗ ಅನಾಥಾಲಯದಿಂದಲೋ ಸರ್ಕಾರಿ ಬಾಲಕರ ಬಾಲಮಂದಿರದಿಂದಲೋ ಹೊರಬಂದವನೇ ಎಂದು ಮೊದಲ ಭೇಟಿಯಲ್ಲೇ ಕೇಳಿ. ಹೌದಾದರೆ ಬಾಲನ್ಯಾಯ ಕಾಯ್ದೆ 2015ರ 46ನೇ ಕಲಮಿನ ಪ್ರಕಾರ ಅವನಿಗೆ ಹಣಕಾಸಿನ ನೆರವು ಪಡೆಯುವ ದಾರಿ ಇದೆ. ಸಾಮಾನ್ಯವಾಗಿ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಈ ಅನುಪಾಲನೆಗೆ, ಅಂದರೆ ಸಂಸ್ಥೆಯಿಂದ ಹೊರಬಂದ ಮೇಲಿನ ಆರೈಕೆಗೆ, ತಿಂಗಳಿಗೆ 4,000 ರೂಪಾಯಿ ಇದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅದು ಸಿಗುವವರೆಗೆ ನಿಮ್ಮ ಹಣವನ್ನು ತಡೆಹಿಡಿಯಬೇಡಿ, ಸಿಕ್ಕ ಮೇಲೂ ಕಡಿತ ಮಾಡಬೇಡಿ. ನಾಲ್ಕು ಸಾವಿರದಲ್ಲಿ ಈ ಊರಲ್ಲಿ ಬಾಡಿಗೆ ಕಟ್ಟಿ ಊಟವನ್ನೂ ಮಾಡಲಾಗದು.

ರಾಜ್ಯದ ಗ್ಯಾರಂಟಿಗಳು ಇವೆಯಲ್ಲ ಎಂದು ದಾನಿಗಳು ಕೇಳುತ್ತಾರೆ. ಉತ್ತರ ಹೀಗೆ ಕೊಡಿ: ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಮನೆ ಯಜಮಾನಿ ಎಂದಿರುವವರಿಗೆ. ಯುವನಿಧಿಯ 3,000 ಪದವೀಧರರಿಗೆ, 1,500 ಡಿಪ್ಲೊಮಾ ಆದವರಿಗೆ, ಅದೂ ಹೆಚ್ಚೆಂದರೆ ಎರಡು ವರ್ಷ. ಹನ್ನೆರಡಕ್ಕೆ ರಾಯಚೂರಿನಿಂದಲೋ ಯಾದಗಿರಿಯಿಂದಲೋ ರೈಲು ಹತ್ತಿ ಬಂದವನಿಗೆ ಪಡಿತರ ಚೀಟಿಯೂ ಇಲ್ಲ, ಪದವಿಯೂ ಇಲ್ಲ. ಹಣ ನೇರ ಖಾತೆಗೆ ಹಾಕುವುದರಲ್ಲಿ ಕರ್ನಾಟಕಕ್ಕೆ ಒಳ್ಳೆಯ ಅನುಭವವಿದೆ, ಆದರೆ ಆ ಯೋಜನೆಗಳು ಮನೆ ಅಥವಾ ಮಾರ್ಕ್ಸ್‌ಕಾರ್ಡ್ ಮೂಲಕ ಮನುಷ್ಯನನ್ನು ಗುರುತಿಸುತ್ತವೆ. ಈ ಹುಡುಗರ ಬಳಿ ಅವೆರಡೂ ಇರುವುದಿಲ್ಲ.

ರಾತ್ರಿ ಹತ್ತರ ಮೇಲೆ ಫುಟ್‌ಪಾತ್ ಸುತ್ತಿ ಪಟ್ಟಿ ಮಾಡಿದರೆ ನಿಮಗೆ ಸಿಗುವುದು ಹುಡುಗರು ಮಾತ್ರ. ಹುಡುಗಿಯರು ಬಯಲಲ್ಲಿ ಮಲಗುವುದಿಲ್ಲ. ಆಸ್ಪತ್ರೆಯ ಆವರಣ, ನಿಲ್ದಾಣದ ಒಳಗಿನ ಬೆಂಚು, ಯಾರದೋ ಮನೆಯ ಮೂಲೆ, ಕೆಲಸಕ್ಕಿದ್ದ ಮನೆಯ ಅಡುಗೆಕೋಣೆ, ಹೀಗೆ ಮರೆಯಲ್ಲಿ ಇರುತ್ತಾರೆ. ಅವರನ್ನು ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ಇರುವ ಸಖಿ ಕೇಂದ್ರ, ಮಹಿಳಾ ನಿಲಯ, ಸರ್ಕಾರಿ ಆಸ್ಪತ್ರೆಯ ಸಮಾಜಕಾರ್ಯಕರ್ತರು, 181 ಮಹಿಳಾ ಸಹಾಯವಾಣಿಯ ಮೂಲಕ ತಲುಪಬೇಕು. ಇಪ್ಪತ್ತರಲ್ಲಿ ಎಂಟು ಜಾಗವನ್ನು ಯುವತಿಯರಿಗೆ, ಎರಡನ್ನು ಮನೆಯಿಂದ ಹೊರದೂಡಲ್ಪಟ್ಟ ಲಿಂಗತ್ವ ಅಲ್ಪಸಂಖ್ಯಾತರಿಗೆ ಮೊದಲೇ ಕಾದಿರಿಸಿ. ಜಿಲ್ಲಾಧಿಕಾರಿ ಕೊಡುವ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ ಮಾಡಿಸಿಕೊಟ್ಟರೆ ಅವರ ಮುಂದಿನ ಕಾಗದಪತ್ರಗಳೆಲ್ಲ ಸಲೀಸಾಗುತ್ತವೆ.

ಅರ್ಹರು ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ಚೀಟಿ ಎತ್ತಿ. ಎಲ್ಲರ ಕಣ್ಣೆದುರು, ಅವರಲ್ಲೇ ಒಬ್ಬರ ಕೈಯಿಂದ. ‘ಒಳ್ಳೆ ಹುಡುಗ’ ಎಂದು ಕಾರ್ಯಕರ್ತರು ಆರಿಸಿದರೆ ಚೆನ್ನಾಗಿ ಮಾತನಾಡಬಲ್ಲವರೇ ಒಳಬರುತ್ತಾರೆ, ಉಳಿದವರು ಆ ಕಾರ್ಯಕರ್ತರನ್ನು ಮುಂದೆಂದೂ ನಂಬುವುದಿಲ್ಲ. ಹೆಸರು ಬಾರದವರಿಗೆ ಅಂದೇ ಸ್ಪಷ್ಟವಾಗಿ ಇಲ್ಲ ಎನ್ನಿ, ಬಂದದ್ದಕ್ಕೆ ಒಂದು ದಿನದ ಕೂಲಿಯಷ್ಟು ಕೊಟ್ಟು ಕಳಿಸಿ.

ಎಷ್ಟು, ಯಾವಾಗ

ನಿಮ್ಮ ಪ್ರದೇಶದ ಐದು ಟು-ಲೆಟ್ ಬೋರ್ಡಿಗೆ ಫೋನ್ ಮಾಡಿ ಲೆಕ್ಕ ಹಾಕಿ. ಲಗ್ಗೆರೆ, ಹೆಗ್ಗನಹಳ್ಳಿ, ಪೀಣ್ಯ, ಬೊಮ್ಮನಹಳ್ಳಿ ಕಡೆ ಶೀಟ್ ಮನೆಯ ಒಂದು ಕೋಣೆ, ನಾಲ್ಕು ಜನರ ಶೇರಿಂಗ್ ಪಿಜಿ, ಎರಡರ ದರವನ್ನೂ ಬರೆದುಕೊಳ್ಳಿ. ಊಟ ಸೇರಿದ ಪಿಜಿ ಆರು ಏಳು ಸಾವಿರದ ಆಸುಪಾಸಿನಲ್ಲಿದ್ದರೆ, ಬಿಎಂಟಿಸಿ ತಿಂಗಳ ಪಾಸಿಗೆ ಸುಮಾರು 1,200, ಫೋನ್ ರೀಚಾರ್ಜಿಗೆ ಸುಮಾರು 300 ಸೇರಿಸಿ. ಯುವತಿಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ, ಆದರೆ ಲೇಡೀಸ್ ಪಿಜಿ ಆ ಉಳಿತಾಯದಷ್ಟೇ ಹೆಚ್ಚು ದುಬಾರಿ. ಪಿಜಿ ಬೇಡ, ಇಬ್ಬರು ಸೇರಿ ಕೋಣೆ ಹಿಡಿಯುತ್ತೇವೆ ಎನ್ನುವವರಿಗೆ ಇಂದಿರಾ ಕ್ಯಾಂಟೀನ್ ಆಧಾರ: ತಿಂಡಿ 5, ಊಟ 10, ರಾತ್ರಿ 10. ಈ ಲೆಕ್ಕದಿಂದ ಇಲ್ಲಿ ತಿಂಗಳಿಗೆ 8,000 ಎಂದು ಇಟ್ಟುಕೊಂಡಿದೆ. ತಲೆಯ ಮೇಲೊಂದು ಸೂರು ಮತ್ತು ಎರಡು ಹೊತ್ತಿನ ಊಟ ಕದಲದಂತೆ ನಿಲ್ಲಲು ಇದು ಸಾಕು. ಮಿಕ್ಕದ್ದನ್ನು ಅವರು ದುಡಿಯುತ್ತಾರೆ.

ಇಡುಗಂಟು 20,000, ಒಮ್ಮೆ ಮಾತ್ರ. ಒಟ್ಟು ಲೆಕ್ಕ:

ತಿಂಗಳ ಹಣ: 20 ಜನ × 8,000 × 18 ತಿಂಗಳು = 28,80,000
ಇಡುಗಂಟು: 20 × 20,000 = 4,00,000
ತುರ್ತು ನಿಧಿ, ಮೇಲಿನೆರಡರ 5% = 1,64,000
ಇಬ್ಬರು ಕ್ಷೇತ್ರ ಕಾರ್ಯಕರ್ತರು, ತಲಾ 25,000 ಸಂಬಳ, 20 ತಿಂಗಳು = 10,00,000
ಒಟ್ಟು 44,44,000 ರೂಪಾಯಿ

ಕಾರ್ಯಕರ್ತರಿಗೆ 20 ತಿಂಗಳು ಏಕೆಂದರೆ ಮೊದಲ ಕಂತಿಗೆ ಮುಂಚೆ ಎರಡು ತಿಂಗಳು ಬರೀ ಕಾಗದಪತ್ರದ ಓಡಾಟವೇ ಇರುತ್ತದೆ. ಹಣ ಕಡಿಮೆ ಬಿದ್ದರೆ ಜನರನ್ನು ಕಡಿಮೆ ಮಾಡಿ, ಮೊತ್ತವನ್ನು ಕಡಿಮೆ ಮಾಡಬೇಡಿ. ನಲವತ್ತು ಜನರಿಗೆ ನಾಲ್ಕು ಸಾವಿರದಂತೆ ಹಂಚಿದರೆ ಒಬ್ಬರೂ ಕೋಣೆ ಸೇರುವುದಿಲ್ಲ. ಪೂರ್ತಿ 28.8 ಲಕ್ಷ ಕೈಗೆ ಬರುವ ತನಕ ಯಾರಿಗೂ ಮಾತು ಕೊಡಬೇಡಿ. ಎರಡನೇ ವರ್ಷದ ಸಿಎಸ್ಆರ್ ಕಂತು ತಡವಾಗಿ ಏಳನೇ ತಿಂಗಳಿಗೋ ಹದಿಮೂರನೇ ತಿಂಗಳಿಗೋ ಹಣ ನಿಂತರೆ, ನೀವು ನಂಬಿಸಿ ಕೋಣೆ ಹಿಡಿಸಿದ ಹುಡುಗ ಅಡ್ವಾನ್ಸನ್ನೂ ಕಳೆದುಕೊಂಡು ಫುಟ್‌ಪಾತಿಗೆ ಮರಳುತ್ತಾನೆ. ಕೊಡದೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ಇದು ಹೆಚ್ಚಿನ ಹಾನಿ.

ಶುರು ಮಾಡುವ ತಿಂಗಳನ್ನೂ ಯೋಚಿಸಿ ಆರಿಸಿ. ಅಕ್ಟೋಬರ್‌ನಲ್ಲಿ ಮೊದಲ ಕಂತು ಬಿದ್ದರೆ ಹದಿನೆಂಟನೆಯದು ಮಾರ್ಚ್‌ನಲ್ಲಿ ಬೀಳುತ್ತದೆ, ಮುಂದೆ ಮದುವೆಗಳ ಕಾಲ, ಕೆಲಸ ಸಿಗುತ್ತದೆ. ಜನವರಿಯಲ್ಲಿ ಶುರುಮಾಡಿದರೆ ಕೊನೆಯ ಕಂತು ಜೂನ್‌ಗೆ ಬಂದು, ಹಣ ನಿಂತ ಮರುತಿಂಗಳೇ ಮಳೆ, ಆಷಾಢ ಎರಡೂ ಒಟ್ಟಿಗೆ ಬಂದು ಕೂರುತ್ತವೆ.

ದಿನಾಂಕ: ಪ್ರತಿ ತಿಂಗಳು 1. ಪಿಜಿಯವರೂ ಮನೆ ಮಾಲೀಕರೂ ಐದರೊಳಗೆ ಬಾಡಿಗೆ ಕೇಳುತ್ತಾರೆ. ಬ್ಯಾಂಕುಗಳ ನಡುವೆ ಹಣ ಕಳಿಸುವ ನೆಫ್ಟ್ ಈಗ ಭಾನುವಾರ, ಹಬ್ಬದ ದಿನವೂ ನಡೆಯುವುದರಿಂದ ಬ್ಯಾಂಕ್ ರಜೆ ಎಂಬ ನೆಪಕ್ಕೆ ಜಾಗವಿಲ್ಲ. ಒಂದೇ ಸಲ ಎಂಟು ಸಾವಿರ ಕೈಗೆ ಬಂದರೆ ಹೆದರಿಕೆಯಾಗುತ್ತದೆ ಎನ್ನುವವರಿಗೆ 1 ಮತ್ತು 16ರಂದು ಎರಡು ಭಾಗ. ಅದನ್ನು ಅವರೇ ಹೇಳಬೇಕು, ಮೂರು ತಿಂಗಳಿಗೊಮ್ಮೆ ಬದಲಿಸುವ ಅವಕಾಶವೂ ಇರಬೇಕು.

ಬ್ಯಾಂಕ್ ಖಾತೆ: ಹೆಚ್ಚು ಎಡವುವ ಜಾಗ

ಆಧಾರ್ ಇದ್ದು ಕಳೆದಿದ್ದರೆ ಕೆಲಸ ಹಗುರ. ಸಂಖ್ಯೆ ನೆನಪಿಲ್ಲದಿದ್ದರೂ ಆಧಾರ್ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಹುಡುಕಿಸಬಹುದು. ಪಾತ್ರೆ ತೊಳೆದು, ಮೂಟೆ ಹೊತ್ತು ಬೆರಳ ಗೆರೆ ಸವೆದಿದ್ದರೆ ಯಂತ್ರ ಒಪ್ಪುವುದಿಲ್ಲ. ಆಗ ಹುಡುಗ ಸುಮ್ಮನೆ ವಾಪಸ್ ಬರುತ್ತಾನೆ, ಕಣ್ಣಿನ ಸ್ಕ್ಯಾನ್ ಮಾಡಿ ಎಂದು ಕೇಳಬಹುದು ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಜೊತೆಗೆ ಒಬ್ಬರು ಹೋಗಬೇಕಾದ್ದು ಈ ಕಾರಣಕ್ಕೆ. ಅದೇ ಭೇಟಿಯಲ್ಲಿ ಅವನ ಈಗಿನ ಮೊಬೈಲ್ ನಂಬರನ್ನು ಸೇರಿಸಿ.

ಆಧಾರ್ ಮಾಡಿಸಿಯೇ ಇಲ್ಲದಿದ್ದರೆ, ವಿಳಾಸ ಗುರುತಿಗೆ ಆಧಾರ್ ಪ್ರಾಧಿಕಾರದ (ಯುಐಡಿಎಐ) ನಮೂನೆಯ ಪ್ರಮಾಣಪತ್ರವನ್ನು ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಅಥವಾ ಗೆಜೆಟೆಡ್ ಅಧಿಕಾರಿಯಿಂದ ಸಹಿ ಮಾಡಿಸಿ. ಅದು ಮೂರು ತಿಂಗಳು ಮಾತ್ರ ಚಾಲ್ತಿ. ಹಾಗಾಗಿ ನೋಂದಣಿಗೆ ದಿನ ಗೊತ್ತುಮಾಡಿಕೊಂಡ ಮೇಲೆ ಸಹಿ ತೆಗೆದುಕೊಳ್ಳಿ. ಹದಿನೆಂಟು ದಾಟಿದವರ ಮೊದಲ ನೋಂದಣಿಗೆ ಸರ್ಕಾರದ ಪರಿಶೀಲನೆ ಇದ್ದು ತಿಂಗಳುಗಳೇ ಹಿಡಿಯಬಹುದು.

ಅಲ್ಲಿಯವರೆಗೆ ‘ಸಣ್ಣ ಖಾತೆ’. ಗುರುತಿನ ದಾಖಲೆ ಏನೂ ಇಲ್ಲದವರಿಗೂ ಬ್ಯಾಂಕು ಇದನ್ನು ತೆರೆಯಬಹುದು: ಸ್ವಯಂ ದೃಢೀಕರಿಸಿದ ಫೋಟೊ, ಬ್ಯಾಂಕ್ ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು, ಅಷ್ಟೇ. ಕೌಂಟರಿನಲ್ಲಿ ‘ಆಧಾರ್ ಇಲ್ಲದೆ ಆಗಲ್ಲ’ ಎಂಬ ಮಾತೇ ಮೊದಲು ಬರುತ್ತದೆ. ವಾದಕ್ಕಿಳಿಯದೆ ಮ್ಯಾನೇಜರ್ ಬಳಿ ಹೋಗಿ ‘ಸ್ಮಾಲ್ ಅಕೌಂಟ್’ ಎಂಬ ಹೆಸರನ್ನೇ ಹೇಳಿ, ಟ್ರಸ್ಟಿನ ಪತ್ರ ಕೊಡಿ. ನಿಮ್ಮ ಟ್ರಸ್ಟಿನ ಖಾತೆ ಇರುವ ಶಾಖೆಯಲ್ಲೇ ಎಲ್ಲರದನ್ನೂ ತೆರೆಸಿದರೆ ಒಂದೇ ಮಾತುಕತೆಯಲ್ಲಿ ಮುಗಿಯುತ್ತದೆ.

ಈ ಖಾತೆಗೆ ಮಿತಿಗಳಿವೆ, ಕಾರ್ಯಕ್ರಮ ಮುಗ್ಗರಿಸುವುದು ಇಲ್ಲಿ. ಒಂದು ಆರ್ಥಿಕ ವರ್ಷದಲ್ಲಿ (ಏಪ್ರಿಲ್‌ನಿಂದ ಮಾರ್ಚ್) ಒಟ್ಟು ಜಮೆ ಒಂದು ಲಕ್ಷ ಮೀರಬಾರದು, ತಿಂಗಳಿಗೆ ತೆಗೆಯುವುದೂ ವರ್ಗಾಯಿಸುವುದೂ ಸೇರಿ 10,000 ಮೀರಬಾರದು, ಯಾವ ಹೊತ್ತಿನಲ್ಲೂ 50,000ಕ್ಕಿಂತ ಹೆಚ್ಚು ಉಳಿದಿರಬಾರದು. ಈಗ ನಮ್ಮ ಲೆಕ್ಕ ಇಟ್ಟು ನೋಡಿ. 8,000 × 12 = 96,000. ಮಿತಿಯೊಳಗಿದೆ. ಹನ್ನೆರಡೂ ಕಂತು ಬೀಳುವ ಆರ್ಥಿಕ ವರ್ಷದಲ್ಲೇ ಇಡುಗಂಟಿನ 20,000 ಸೇರಿಸಿದರೆ 1,16,000, ವರ್ಷ ತುಂಬುವ ಮುನ್ನವೇ ಕಂತು ವಾಪಸ್ ಬರುತ್ತದೆ. ಸೇರಿಸಿದರೂ ಒಂದೇ ತಿಂಗಳಲ್ಲಿ ಇಪ್ಪತ್ತು ಸಾವಿರ ತೆಗೆಯಲು ಬಾರದು, ಅಡ್ವಾನ್ಸ್ ಕಟ್ಟುವುದು ಹೇಗೆ? ಹೋಟೆಲ್ ಮಾಲೀಕರು ಸಂಬಳವನ್ನೂ ಅದೇ ಖಾತೆಗೆ ಹಾಕಿದರೆ ಇನ್ನೂ ಬೇಗ ಕಟ್ಟೆ ಒಡೆಯುತ್ತದೆ. ಆದ್ದರಿಂದ ಸಣ್ಣ ಖಾತೆಯವರ ಇಡುಗಂಟನ್ನು ಅವರ ಲಿಖಿತ ಕೋರಿಕೆಯ ಮೇಲೆ ನೇರ ಮನೆ ಮಾಲೀಕರ ಖಾತೆಗೆ ಕಳಿಸಿ, ಇಲ್ಲವೇ ಪೂರ್ಣ ಕೆವೈಸಿ (ಗುರುತು, ವಿಳಾಸದ ದಾಖಲೆ ಪರಿಶೀಲನೆ) ಆಗುವವರೆಗೆ ಹಿಡಿದಿಡಿ. ಸಣ್ಣ ಖಾತೆಯ ಆಯಸ್ಸು 12 ತಿಂಗಳು. ದಾಖಲೆಗೆ ಅರ್ಜಿ ಹಾಕಿದ ಪುರಾವೆ ತೋರಿಸಿದರೆ ಇನ್ನು 12. ಆಧಾರ್ ನೋಂದಣಿ ಚೀಟಿಯ ಫೋಟೊವನ್ನು ಟ್ರಸ್ಟಿನ ಬಳಿಯೂ ಇಟ್ಟುಕೊಳ್ಳಿ, ಹುಡುಗನ ಜೇಬಿನಲ್ಲಿ ಅದು ಮಳೆಗೆ ನೆನೆಯುತ್ತದೆ.

ಪೂರ್ಣ ಕೆವೈಸಿ ಆದವರಿಗೆ ಜನಧನದಂಥ ಶೂನ್ಯ ಬಾಕಿಯ ಖಾತೆ ಸಾಕು. ತಿಂಗಳಿಗೆ ನಾಲ್ಕು ಸಲ ಉಚಿತವಾಗಿ ಹಣ ತೆಗೆಯಬಹುದು ಎಂಬುದನ್ನು ಮೊದಲೇ ತಿಳಿಸಿ. ಹಣವನ್ನು ಖಾತೆ ಸಂಖ್ಯೆಗೇ ಕಳಿಸಿ, ಆಧಾರ್ ಆಧಾರಿತ ಪಾವತಿಗೆ ಹೋಗಬೇಡಿ. ಹಿಂದೆಂದೋ ಮೇಸ್ತ್ರಿ ತೆರೆಸಿದ, ಹುಡುಗನಿಗೆ ನೆನಪೇ ಇಲ್ಲದ ಬೇರೊಂದು ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಹಣ ಅಲ್ಲಿಗೆ ಹೋಗಿ ಬೀಳುತ್ತದೆ. ಮೊದಲ ಕಂತಿಗೆ ವಾರ ಮುಂಚೆ ಒಂದು ರೂಪಾಯಿ ಹಾಕಿ, ಬಂದಿದೆ ಎಂದು ಅವನ ಬಾಯಿಂದಲೇ ಕೇಳಿ.

ಯಾವ ಖಾತೆಯೂ ಆಗದವರಿಗೆ ವೋಚರ್ ಬರೆಸಿಕೊಂಡು ನಗದು ಕೊಡಿ. 8,000 ಆಗಿರುವುದರಿಂದ ತೊಂದರೆಯಿಲ್ಲ. ಒಬ್ಬರಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟರೆ ಆಡಿಟರ್ ತಕರಾರು ಎತ್ತುತ್ತಾರೆ. ನಗದು ಕೊಡುವುದು ಬೆಳಗ್ಗೆ, ಒಬ್ಬೊಬ್ಬರಿಗೇ, ಕಚೇರಿಯ ಒಳಗೆ. ಸಂಜೆ, ಗುಂಪಿನಲ್ಲಿ, ಬಸ್ ಸ್ಟ್ಯಾಂಡ್ ಬಳಿ ಕೊಟ್ಟರೆ ಯಾರ ಬಳಿ ಹಣವಿದೆ ಎಂದು ಇಡೀ ಸ್ಟ್ಯಾಂಡಿಗೆ ಸಾರಿದಂತೆ.

ಖಾತೆಗೆ ಹಣ ಬಿದ್ದ ಮೇಲೆ

ಎಟಿಎಂ ಕಾರ್ಡ್ ಅಡವಿಗೆ ಹೋಗುವುದು ಎಲ್ಲಕ್ಕಿಂತ ಸಾಮಾನ್ಯ. ಮೀಟರ್ ಬಡ್ಡಿಯವನೋ ಕ್ಯಾಟರಿಂಗ್ ಮೇಸ್ತ್ರಿಯೋ ಕೈಸಾಲ ಕೊಟ್ಟಿರುತ್ತಾನೆ. ತಿಂಗಳಾ ಹಣ ಬರುತ್ತದೆ ಎಂದು ಗೊತ್ತಾದ ಮರುದಿನವೇ ಕಾರ್ಡೂ ಪಿನ್ನೂ ಅವನ ಕೈಸೇರುತ್ತವೆ. ಹುಡುಗನನ್ನು ಬೈದರೆ ಮುಚ್ಚಿಡುತ್ತಾನೆ. ಸೇರುವ ದಿನವೇ ಯಾರ್ಯಾರಿಗೆ ಎಷ್ಟು ಸಾಲವಿದೆ ಎಂದು ಕೇಳಿ ಬರೆದುಕೊಳ್ಳಿ, ಇಡುಗಂಟಿನಲ್ಲಿ ಸ್ವಲ್ಪವನ್ನು ಸಾಲ ತೀರಿಸಲು ಬಳಸಬಹುದು ಎಂದು ತಿಳಿಸಿ. ಹಲವರು ಅದನ್ನೇ ಮೊದಲು ಮಾಡಲು ಬಯಸುತ್ತಾರೆ, ಮತ್ತದು ಸರಿಯಾದ ನಿರ್ಧಾರವೂ ಹೌದು. ಕಾರ್ಡ್ ಹೋಗಿದ್ದರೆ ಬ್ಲಾಕ್ ಮಾಡಿಸಿ ಹೊಸದು ತೆಗೆಸಿ.

ಎರಡನೆಯದು ಇನ್ನೂ ಅಪಾಯ. ‘ನಿನ್ನ ಅಕೌಂಟ್ ಒಂದು ತಿಂಗಳು ಕೊಡು, ಐದು ಸಾವಿರ ಕೊಡ್ತೀನಿ’ ಎಂದು ಬರುವವರು ಸೈಬರ್ ವಂಚಕರ ಕಡೆಯವರು. ವಂಚನೆಯ ಹಣ ಆ ಖಾತೆಯ ಮೂಲಕ ಹಾದುಹೋದರೆ ಬೇರೆ ರಾಜ್ಯದ ಪೊಲೀಸರು ಖಾತೆ ಫ್ರೀಜ್ ಮಾಡಿಸುತ್ತಾರೆ, ಕೇಸಿನಲ್ಲಿ ಹೆಸರು ಬರುವುದು ಹುಡುಗನದು. ಮೊದಲ ಕಂತಿಗೆ ಮುನ್ನವೇ ಇದನ್ನು ಅವರವರ ಭಾಷೆಯಲ್ಲಿ, ಕನ್ನಡ, ತಮಿಳು, ತೆಲುಗು, ಹಿಂದಿ, ಉರ್ದು ಯಾವುದಾದರೂ ಸರಿ, ಬಿಡಿಸಿ ಹೇಳಿ. ಫ್ರೀಜ್ ಆದರೆ ದೂರಿನ ಸಂಖ್ಯೆ ಮತ್ತು ಠಾಣೆಯ ಹೆಸರನ್ನು ಬ್ಯಾಂಕಿನಿಂದ ಬರೆಸಿಕೊಳ್ಳಿ, ವಕೀಲರಿಗೆ ತಿಳಿಸಿ, ಅಲ್ಲಿಯವರೆಗೆ ತುರ್ತು ನಿಧಿಯಿಂದ ನಗದು ಕೊಡಿ.

ಮೂರನೆಯದು ಫೋನ್. ರಾತ್ರಿ ತಲೆದಿಂಬಿನಡಿಯ ಫೋನ್ ಬೆಳಗ್ಗೆ ಇರುವುದಿಲ್ಲ. ಅದರ ಜೊತೆ ಸಿಮ್, ಒಟಿಪಿ, ಯುಪಿಐ ಎಲ್ಲ ಹೋಗುತ್ತವೆ. ಸ್ನೇಹಿತನ ನಂಬರನ್ನು ಖಾತೆಗೆ ಕೊಟ್ಟವರಂತೂ ಆ ಸ್ನೇಹಿತ ಊರಿಗೆ ಹೋದ ದಿನ ಪರದಾಡುತ್ತಾರೆ. ಸಿಮ್ ಅವರದೇ ಹೆಸರಿನಲ್ಲಿರಬೇಕು. ಪಾಸ್‌ಬುಕ್ಕಿನ ಮೊದಲ ಪುಟದ ನಕಲು ಟ್ರಸ್ಟಿನಲ್ಲಿರಲಿ. ಮೂಲ ದಾಖಲೆ ಇಡಲು ಆಶ್ರಯ ಕೇಂದ್ರದಲ್ಲಿ ಬೀಗವಿರುವ ಪುಟ್ಟ ಕಪಾಟು ಕೇಳಿ, ಕೀಲಿ ಅವರ ಬಳಿಯೇ ಇರಲಿ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳು ಬಂದಿರುವುದರಿಂದ, ನಿಮ್ಮ ಭಾಗದ ಆಶ್ರಯ ಕೇಂದ್ರ ಯಾವ ಪಾಲಿಕೆಯ ಕೈಯಲ್ಲಿದೆ ಎಂದು ತಿಳಿದುಕೊಂಡೇ ಪತ್ರ ಬರೆಯಿರಿ.

ಭಿಕ್ಷಾಟನೆ ನಿಷೇಧ ಕಾಯ್ದೆ 1975ರಡಿ ಫುಟ್‌ಪಾತಿನಲ್ಲಿದ್ದವರನ್ನು ಎತ್ತಿಕೊಂಡು ಮಾಗಡಿ ರಸ್ತೆಯ ಸುಮನಹಳ್ಳಿಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯುವ ಸಾಧ್ಯತೆ ಇದ್ದೇ ಇದೆ. ಇದ್ದಕ್ಕಿದ್ದಂತೆ ಯಾರಾದರೂ ಸಿಗದಿದ್ದರೆ ಮೊದಲು ಅಲ್ಲಿ, ಆಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ, ಆಮೇಲೆ ಠಾಣೆಗಳಲ್ಲಿ ವಿಚಾರಿಸಿ. ಅವರ ಕಂತನ್ನು ನಿಲ್ಲಿಸಬೇಡಿ, ಖಾತೆಯಲ್ಲಿ ಕೂಡುತ್ತಿರಲಿ.

ಕುಡಿತಕ್ಕೆ ಹಾಕಿದರೆ? ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಕೆಲವರು ಹಾಕುತ್ತಾರೆ. ಆಗಲೂ ಹಣ ನಿಲ್ಲಿಸುವುದು ತಪ್ಪು. ನಿಂತ ದಿನ ನಿಲ್ಲುವುದು ಬಾಡಿಗೆ, ಕುಡಿತವಲ್ಲ. ಕೇಳಿದವರಿಗೆ ಚಿಕಿತ್ಸೆಯ ದಾರಿ ಸಿದ್ಧವಿರಲಿ: ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416, ನಿಮ್ಹಾನ್ಸ್‌ನ ವ್ಯಸನಮುಕ್ತಿ ವಿಭಾಗ. ಎರಡು ಕಂತಿಗೆ ಬದಲಿಸಿಕೊಳ್ಳುವುದನ್ನೂ, ಬಾಡಿಗೆ ನೇರ ಮಾಲೀಕರಿಗೆ ಹೋಗುವುದನ್ನೂ ಅವರ ಮುಂದಿಡಿ. ಬಿಲ್ಲು ಕೇಳಬೇಡಿ, ಚೆಕ್ ಹಿಡಿದು ಫೋಟೊ ತೆಗೆಸಬೇಡಿ. ದಾನಿಗೆ ಬ್ಯಾಂಕ್ ವರ್ಗಾವಣೆಯ ಸ್ಟೇಟ್‌ಮೆಂಟೇ ಬಳಕೆ ಪ್ರಮಾಣಪತ್ರ ಎಂದು ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ಕಂಪನಿಯ ಹಣಕ್ಕೆ ಟ್ರಸ್ಟಿಗೆ ಸಿಎಸ್ಆರ್-1 ನೋಂದಣಿ ಬೇಕು. ವಿದೇಶಿ ಹಣವಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನಿಯಮದಲ್ಲಿ ಆಡಳಿತ ವೆಚ್ಚ 20% ಮೀರಬಾರದು, ಇನ್ನೊಂದು ಸಂಸ್ಥೆಗೆ ದಾಟಿಸಲೂ ಬಾರದು.

ಕೋಣೆ

‘ಊರು ಯಾವುದು? ಯಾವ ಜನ? ಎಲ್ಲಿ ಕೆಲಸ? ಮನೇಲಿ ಯಾರ್ಯಾರಿದೀರಿ?’ ಈ ನಾಲ್ಕು ಪ್ರಶ್ನೆಗೆ ಹುಡುಗ ಬಾಗಿಲಲ್ಲೇ ತಡವರಿಸುತ್ತಾನೆ. ಮೊದಲ ಎರಡು ಮನೆ ನೋಡುವಾಗ ಕಾರ್ಯಕರ್ತರು ಅಣ್ಣನೋ ಅಕ್ಕನೋ ಹೋದಂತೆ ಜೊತೆಗೆ ಹೋಗಲಿ. ಟ್ರಸ್ಟಿನ ಹೆಸರಿನ ಒಂದು ಪರಿಚಯ ಪತ್ರ ಸಾಕು: ಇವರು ನಮಗೆ ಗೊತ್ತು, ತಿಂಗಳಿಗೆ ಇಷ್ಟು ಆದಾಯ ಇಂಥ ತಿಂಗಳವರೆಗೆ ಖಚಿತ. ಬೀದಿಯಲ್ಲಿದ್ದವನು ಎಂದು ಅದರಲ್ಲಿ ಬರೆಯಬೇಡಿ. 11 ತಿಂಗಳ ಕರಾರು ಹುಡುಗನ ಹೆಸರಿನಲ್ಲೇ ಆಗಬೇಕು. ಟ್ರಸ್ಟಿನ ಹೆಸರಿನಲ್ಲಾದರೆ ಕಾರ್ಯಕ್ರಮ ಮುಗಿದ ದಿನ ಮನೆಯೂ ಮುಗಿಯುತ್ತದೆ, ವಿಳಾಸದ ದಾಖಲೆಯಾಗಿ ಅವನಿಗೆ ಅದು ಉಪಯೋಗಕ್ಕೂ ಬಾರದು.

ಅಡ್ವಾನ್ಸ್ ಕೊಟ್ಟದ್ದಕ್ಕೆ ರಸೀದಿ ಇಲ್ಲದಿದ್ದರೆ ವಾಟ್ಸಾಪಿನಲ್ಲಿ ‘ಇಷ್ಟು ಬಂದಿದೆ’ ಎಂಬ ಒಂದು ಸಾಲನ್ನಾದರೂ ಮಾಲೀಕರಿಂದ ಬರೆಸಿಕೊಳ್ಳಿ. ಒಳಹೋಗುವ ದಿನ ಕರೆಂಟ್ ಮೀಟರಿನ ಅಂಕಿ, ಗೋಡೆ, ನಲ್ಲಿಯ ಫೋಟೊ ತೆಗೆದಿಡಿ. ಪಿಜಿಗಳಲ್ಲಿ ಬಿಡುವಾಗ ‘ಮೇಂಟೆನೆನ್ಸ್’ ಎಂದು ಎಷ್ಟು ಕತ್ತರಿಸುತ್ತಾರೆ, ಎಷ್ಟು ದಿನದ ನೋಟಿಸ್ ಬೇಕು ಎಂಬೆರಡನ್ನೂ ದುಡ್ಡು ಕೊಡುವ ಮುಂಚೆ ಕೇಳಬೇಕು.

ಕೋಣೆ ಸಿಕ್ಕ ಮೊದಲ ತಿಂಗಳು ಹುಡುಗ ಮತ್ತೆ ಫುಟ್‌ಪಾತಿನಲ್ಲೇ ಮಲಗಿದ್ದು ಕಂಡರೆ ಗಾಬರಿಯಾಗಬೇಡಿ. ಹತ್ತು ವರ್ಷ ಜೊತೆಯವರ ಮಧ್ಯೆ ಮಲಗಿದವನಿಗೆ ನಾಲ್ಕು ಗೋಡೆ, ಕತ್ತಲೆ, ಒಂಟಿತನ ನಿದ್ದೆ ಕೊಡುವುದಿಲ್ಲ. ಇದರ ಇನ್ನೊಂದು ಮುಖವೆಂದರೆ ಜೊತೆಯವರೆಲ್ಲ ಕೋಣೆಗೆ ಬಂದು ಸೇರುವುದು. ಐದು ಜನ ಆದೊಡನೆ ಮಾಲೀಕರು ಬಿಡಿಸುತ್ತಾರೆ. ಬೇಡ ಎನ್ನುವುದು ಅವನಿಂದಾಗದು, ಹಸಿವಿನಲ್ಲಿ ಅವನಿಗೆ ಅನ್ನ ಹಂಚಿದವರು ಅವರೇ. ಕಾರ್ಯಕ್ರಮದಲ್ಲಿರುವ ಇಬ್ಬಿಬ್ಬರು ಜೋಡಿಯಾಗಿ ಕೋಣೆ ಹಿಡಿದು, ‘ಇಬ್ಬರಿರುತ್ತೇವೆ’ ಎಂದು ಮೊದಲೇ ಹೇಳಿದರೆ ಎರಡೂ ಕಷ್ಟ ಅರ್ಧಕ್ಕಿಳಿಯುತ್ತವೆ.

ಅಳೆಯುವುದು, ಮುಗಿಸುವುದು

ಸೇರುವಾಗ ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ನಾಲ್ಕೇ ಪ್ರಶ್ನೆ: ಕಳೆದ ಏಳು ರಾತ್ರಿ ಎಲ್ಲೆಲ್ಲಿ ಮಲಗಿದಿರಿ, ಕಳೆದ ಏಳು ದಿನದಲ್ಲಿ ಎಷ್ಟು ಹೊತ್ತು ಊಟ ತಪ್ಪಿತು, ಸಾಲ ಎಷ್ಟಿದೆ, ಎಷ್ಟು ದಿನ ಕೆಲಸ ಸಿಕ್ಕಿತು. ಉತ್ತರ ಕೊಟ್ಟ ಸಮಯಕ್ಕೆ 200 ರೂಪಾಯಿ ಕೊಡಿ. ಉತ್ತರ ಕೊಡದವರ ಕಂತು ತಡೆಯಬೇಡಿ. ಹಣಕ್ಕೂ ಸಂದರ್ಶನಕ್ಕೂ ಗಂಟು ಹಾಕಿದರೆ ನಿಮಗೆ ಇಷ್ಟವಾಗುವ ಉತ್ತರವಷ್ಟೇ ಸಿಗುತ್ತದೆ.

ಕೊನೆಯ ಆರು ತಿಂಗಳು ಮೊತ್ತವನ್ನು ಹಂತಹಂತವಾಗಿ ಇಳಿಸಬೇಕು ಎಂದು ಹಲವರು ಸಲಹೆ ಕೊಡುತ್ತಾರೆ. ಒಪ್ಪಬೇಡಿ, ಬಾಡಿಗೆ ಹಂತಹಂತವಾಗಿ ಇಳಿಯುವುದಿಲ್ಲ. ಅದರ ಬದಲು ಕೊನೆಯ ಕಂತಿನ ದಿನಾಂಕವನ್ನು ಮೊದಲ ದಿನವೇ ಬರೆದುಕೊಡಿ, 12ನೇ ತಿಂಗಳಿಂದ ಕೂತು ಮಾತಾಡಿ. ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಈ ಹೊತ್ತಿನಲ್ಲಿ ಆಗಬೇಕು. ಡೆಲಿವರಿ ಕೆಲಸಕ್ಕೆ ಹೋಗಬಯಸುವವರಿಗೆ ಲೈಸೆನ್ಸ್, ಪ್ಯಾನ್ ಇಲ್ಲದೆ ಸಾಮಾನ್ಯವಾಗಿ ನಡೆಯದು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದರೆ, ಮೇ ಕೊನೆಯ ಹೊತ್ತಿಗೆ ಖಾತೆಯಲ್ಲಿ ಆ ಇಪ್ಪತ್ತು ರೂಪಾಯಿ ಇರಬೇಕೆಂದು ಹೇಳಿಡಿ, ಇಲ್ಲದಿದ್ದರೆ ಎರಡು ಲಕ್ಷದ ಅಪಘಾತ ವಿಮೆ ಕೈತಪ್ಪುತ್ತದೆ.

ಹದಿನೆಂಟನೇ ಕಂತು ಬೀಳುವ ವಾರ ಪ್ರತಿಯೊಬ್ಬರಿಗೂ ನೀರು ಹೊಗದ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಆಧಾರ್, ಪಾಸ್‌ಬುಕ್ ನಕಲು, ಬಾಡಿಗೆ ಕರಾರು, ಅಡ್ವಾನ್ಸ್ ಪುರಾವೆ, ಪರಿಚಯ ಪತ್ರದ ಹೊಸ ಪ್ರತಿ ಹಾಕಿ ಕೊಡಿ. ಕರಾರು ನವೀಕರಿಸುವ ತಿಂಗಳನ್ನು ಮೇಲೆ ದಪ್ಪಕ್ಷರದಲ್ಲಿ ಬರೆದಿರಲಿ. ಕಾರ್ಯಕರ್ತರ ಫೋನ್ ನಂಬರ್ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿದ್ದು, ಕರೆ ಬಂದಾಗ ಯಾರಾದರೂ ಎತ್ತುವಂತೆ ವ್ಯವಸ್ಥೆ ಮಾಡಿ, ಅದರ ರೀಚಾರ್ಜ್ ಹಣವನ್ನು ತುರ್ತು ನಿಧಿಯಲ್ಲಿ ಎತ್ತಿಡಿ.